ಶಿಶುವಿನ ಕರುಳಿನ ಬ್ಯಾಕ್ಟೀರಿಯಾ: ಹನಿ ಹಾಕಬೇಕಾ, ಹಾಲೇ ಸಾಕಾ?

ಸೂಜಿಮಲ್ಲಿಗೆ
ಹೊಸದಾಗಿ ಹೆತ್ತವರಿಗೆ ಕೊಡುವ ಎರಡು ಪುಟದ ಮಾಹಿತಿ ಪತ್ರವೊಂದನ್ನು ತಿದ್ದುವ ಕೆಲಸ ನಡೆದಿದೆ. ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಹಳೆಯ ಪ್ರತಿಯಲ್ಲಿ ಇರುವುದು ಒಂದೇ ಸಾಲು: "ತಾಯಿಹಾಲು ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುತ್ತದೆ." ಓದಿದವರಿಗೆ ಇದರಿಂದ ಏನೂ ಸಿಗುವುದಿಲ್ಲ. ಅವರು ಕೇಳುವ ಪ್ರಶ್ನೆಗಳೇ ಬೇರೆ. ಪ್ರೋಬಯಾಟಿಕ್ ಹನಿ, ಅಂದರೆ ಜೀವಂತ ಬ್ಯಾಕ್ಟೀರಿಯಾ ಇರುವ ಹನಿ, ಹಾಕಬೇಕಾ? ಡಬ್ಬಿಯ ಮೇಲೆ "ಎಚ್‌ಎಂಓ ಇದೆ" ಎಂದು ಬರೆದ ಫಾರ್ಮುಲಾ ತಾಯಿಹಾಲಿಗೆ ಸಮನಾ? ಸಿಸೇರಿಯನ್ ಆದವರು ಏನು ಮಾಡಬೇಕು? ಆರು ತಿಂಗಳ ಮೇಲೆ ಊಟ ಶುರುವಾದಾಗ ಒಳಗೆ ಏನು ಬದಲಾಗುತ್ತದೆ? ಬಲ್ಲವರು ಅಂಕಿ ಸಮೇತ ಹೇಳಿ. "ಎಲ್ಲವೂ ಮುಖ್ಯ" ಎಂಬ ಉತ್ತರ ದಯವಿಟ್ಟು ಬೇಡ.

ಅಗರ್‌ತಟ್ಟೆ
ಹಾಲಿನಿಂದಲೇ ಶುರು ಮಾಡೋಣ, ಮಿಕ್ಕಿದ್ದೆಲ್ಲ ಅಲ್ಲಿಂದಲೇ ಬರುತ್ತದೆ.

ಒಂದು ಲೀಟರ್ ತಾಯಿಹಾಲಿನಲ್ಲಿ ಸುಮಾರು 70 ಗ್ರಾಂ ಲ್ಯಾಕ್ಟೋಸ್, 35–40 ಗ್ರಾಂ ಕೊಬ್ಬು, ಹತ್ತು ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ. ಇವುಗಳ ಜೊತೆಗೆ 5ರಿಂದ 15 ಗ್ರಾಂ ಒಲಿಗೋಸ್ಯಾಕರೈಡುಗಳು, ಅಂದರೆ ಸಕ್ಕರೆಯ ಪುಟ್ಟ ಸರಪಳಿಗಳು. ಎಚ್‌ಎಂಓ ಎಂದು ಕರೆಯುವುದು ಇವನ್ನೇ. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ಇನ್ನೂ ಹೆಚ್ಚು, ಲೀಟರಿಗೆ 20–25 ಗ್ರಾಂ. ನೂರೈವತ್ತಕ್ಕೂ ಮೀರಿ ಬಗೆಗಳನ್ನು ಗುರುತಿಸಿದ್ದಾರೆ. ಇವುಗಳನ್ನು ಒಡೆಯುವ ಕಿಣ್ವ ಮಗುವಿಗೆ ಇಲ್ಲ. ಹೊಟ್ಟೆ, ಸಣ್ಣಕರುಳು ದಾಟಿ ಹೆಚ್ಚುಕಡಿಮೆ ಹಾಗೆಯೇ ದೊಡ್ಡಕರುಳಿಗೆ ಹೋಗುತ್ತವೆ. ಮಗುವೇ ಅರಗಿಸಿಕೊಳ್ಳಲಾಗದ ವಸ್ತುವನ್ನು ತಾಯಿಯ ದೇಹ ಇಷ್ಟು ಖರ್ಚು ಮಾಡಿ ತಯಾರಿಸುತ್ತದೆ ಎಂದರೆ ಅದನ್ನು ತಿನ್ನುವವರು ಬೇರೆ ಇದ್ದಾರೆ ಎಂದೇ ಅರ್ಥ.

ಹಾಗೆ ತಿನ್ನುವುದರಲ್ಲಿ ಮೊದಲ ಹೆಸರು ಬಿಫಿಡೋಬ್ಯಾಕ್ಟೀರಿಯಂ ಲಾಂಗಮ್‌ನ ಇನ್‌ಫ್ಯಾಂಟಿಸ್ ಉಪಪ್ರಭೇದ. 2008ರಲ್ಲಿ ಇದರ ಜೀನೋಮ್ ಪ್ರಕಟವಾದಾಗ, ಎಚ್‌ಎಂಓ ಹಿಡಿದು ಒಳಕ್ಕೆಳೆದು ತುಂಡರಿಸುವ ಜೀನುಗಳು 43 ಕಿಲೋಬೇಸ್ ಉದ್ದದ ಒಂದೇ ಗುಚ್ಛದಲ್ಲಿ ಇರುವುದು ಕಂಡುಬಂತು. ಸಕ್ಕರೆಯನ್ನು ಇಡಿಯಾಗಿ ಕೋಶದೊಳಗೆ ತೆಗೆದುಕೊಂಡು ಅಲ್ಲೇ ಒಡೆಯುವುದರಿಂದ ಪಕ್ಕದವರಿಗೆ ಚೂರೂ ಉಳಿಯುವುದಿಲ್ಲ. ಅದೇ ಬಿಫಿಡೋ ಬಳಗದ ಬಿಫಿಡಮ್ ಹಾಗಲ್ಲ. ಅದು ಕಿಣ್ವವನ್ನು ಹೊರಗೆ ಇಟ್ಟುಕೊಂಡು ಸಕ್ಕರೆಯನ್ನು ಹೊರಗೇ ಕತ್ತರಿಸುತ್ತದೆ, ಬಿದ್ದ ಚೂರುಗಳನ್ನು ಅದೇ ಬಳಗದ ಬ್ರೆವೆಯಂಥವು ತಿಂದು ಬದುಕುತ್ತವೆ.

ಇವೆಲ್ಲ ಹೊರಹಾಕುವುದು ಮುಖ್ಯವಾಗಿ ಅಸಿಟೇಟ್ ಮತ್ತು ಲ್ಯಾಕ್ಟೇಟ್ ಎಂಬ ಆಮ್ಲಗಳನ್ನು. ಅದರಿಂದ ಮಲದ ಪಿಎಚ್ 5–5.5ಕ್ಕೆ ಇಳಿಯುತ್ತದೆ. ಆ ಆಮ್ಲೀಯತೆಯಲ್ಲಿ ಇ. ಕೋಲೈ ಬಳಗಕ್ಕೆ, ಕ್ಲಾಸ್ಟ್ರಿಡಿಯಂಗಳಿಗೆ ಬೆಳೆಯುವುದು ಕಷ್ಟ. ಅಸಿಟೇಟ್ ಕರುಳಿನ ಒಳಪದರದ ಕೋಶಗಳನ್ನೂ ಗಟ್ಟಿ ಮಾಡುತ್ತದೆ. ಇಲಿಗಳಲ್ಲಿ ಬಿಫಿಡೋ ಕೊಟ್ಟ ಅಸಿಟೇಟ್ ಇ. ಕೋಲೈ ಓ157ರ ವಿಷ ರಕ್ತಕ್ಕೆ ಸೇರದಂತೆ ತಡೆದದ್ದನ್ನು 2011ರಲ್ಲಿ ತೋರಿಸಿದ್ದಾರೆ.

ಅಂಕಿಕೊರಕ
@ಅಗರ್‌ತಟ್ಟೆ ಹೇಳಿದ್ದು ಸರಿ, ಆದರೆ ಓದುವವರು "ತಾಯಿಹಾಲು ಕುಡಿದರೆ ಬಿಫಿಡೋ ಬಂದೇ ಬರುತ್ತದೆ" ಎಂದುಕೊಂಡುಬಿಡುತ್ತಾರೆ. ಹಾಗಿಲ್ಲ. ಶ್ರೀಮಂತ ದೇಶಗಳಲ್ಲಿ ತಾಯಿಹಾಲನ್ನೇ ಕುಡಿಯುವ ಎಷ್ಟೋ ಶಿಶುಗಳಲ್ಲಿ ಇನ್‌ಫ್ಯಾಂಟಿಸ್ ಸಿಗುವುದೇ ಇಲ್ಲ. ಅಂಥವರ ಮಲದಲ್ಲಿ ಎಚ್‌ಎಂಓ ಅರಗದೆ ಹೊರಬರುತ್ತದೆ, ಪಿಎಚ್ 6ರ ಮೇಲಿರುತ್ತದೆ. 1926ರಿಂದ 2017ರವರೆಗಿನ ಪ್ರಕಟಿತ ಅಳತೆಗಳನ್ನು ಒಟ್ಟು ಹಾಕಿ ನೋಡಿದವರಿಗೆ ತಾಯಿಹಾಲಿನ ಶಿಶುಗಳ ಮಲದ ಪಿಎಚ್ 5ರಿಂದ 6.5ರ ಕಡೆಗೆ ಏರಿರುವುದು ಕಂಡಿದೆ. ಊಟ ಬಡಿಸಿದೆ, ಉಣ್ಣುವವರು ಬಂದಿಲ್ಲ. ಈ ಎರಡನ್ನೂ ಬೇರೆಬೇರೆ ಹೇಳದಿದ್ದರೆ ಮಾಹಿತಿ ಪತ್ರ ಮತ್ತೆ ಅದೇ ಒಂದು ಸಾಲಿಗೆ ಬಂದು ನಿಲ್ಲುತ್ತದೆ.

ಸೂಜಿಮಲ್ಲಿಗೆ
ಹಾಗಾದರೆ ಉಣ್ಣುವವರನ್ನು ಹನಿಯಲ್ಲಿ ಕೊಟ್ಟರಾಯಿತಲ್ಲ?

ತೊಟ್ಟಿಲು
ಅಷ್ಟು ಸುಲಭ ಅಲ್ಲ. ತಿಂಗಳು ತುಂಬಿ ಹುಟ್ಟಿ, ಆರೋಗ್ಯವಾಗಿ ಹಾಲು ಕುಡಿಯುವ ಮಗುವಿಗೆ ದಿನವೂ ಪ್ರೋಬಯಾಟಿಕ್ ಹಾಕಿ ಎಂದು ಯಾವ ದೊಡ್ಡ ಮಾರ್ಗಸೂಚಿಯೂ ಹೇಳಿಲ್ಲ.

ಇನ್‌ಫ್ಯಾಂಟಿಸ್‌ನ ಒಂದು ತಳಿಯನ್ನು ತಾಯಿಹಾಲಿನ ಶಿಶುಗಳಿಗೆ 7ನೇ ದಿನದಿಂದ ಶುರುಮಾಡಿ 21 ದಿನ ಕೊಟ್ಟ ಪ್ರಯೋಗ 2017ರಲ್ಲಿ ಪ್ರಕಟವಾಗಿದೆ. ಕೊಡುವುದು ನಿಲ್ಲಿಸಿ ಒಂದು ತಿಂಗಳಾದ ಮೇಲೂ ಆ ಬ್ಯಾಕ್ಟೀರಿಯಾ ಅಲ್ಲೇ ಇತ್ತು. ಸಾಮಾನ್ಯ ಪ್ರೋಬಯಾಟಿಕ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ಇದು ಉಳಿಯಲು ಕಾರಣ ಹಾಲು. ತಿನ್ನಲು ಎಚ್‌ಎಂಓ ಸಿಗುತ್ತಿತ್ತು. ಎಚ್‌ಎಂಓ ಇಲ್ಲದ ಫಾರ್ಮುಲಾ ಕುಡಿಯುವ ಮಗುವಿಗೆ ಅದೇ ಹನಿ ಹಾಕಿದರೆ ಅದೇ ಫಲಿತಾಂಶ ಕಾಯಬೇಡಿ.

ಆದರೆ ಮಲದಲ್ಲಿ ಬ್ಯಾಕ್ಟೀರಿಯಾ ಬದಲಾಗುವುದು ಒಂದು, ಮಗುವಿಗೆ ಕಾಯಿಲೆ ಕಡಿಮೆಯಾಗುವುದು ಇನ್ನೊಂದು. ಎರಡನೆಯದಕ್ಕೆ ಪುರಾವೆ ಇನ್ನೂ ತೆಳು.

ಪತ್ರದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ: "ಹನಿ ಬೇಡ" ಎಂದು ಓದಿ ಕೆಲವರು ವಿಟಮಿನ್ ಡಿ ಹನಿಯನ್ನೂ ನಿಲ್ಲಿಸಿಬಿಡುತ್ತಾರೆ. ಅದು ಬೇರೆ ವಿಷಯ, ದಿನಕ್ಕೆ 400 ಐಯು ಬೇಕು. ಕೆಲವು ಪ್ರೋಬಯಾಟಿಕ್ ಹನಿಗಳಲ್ಲಿ ವಿಟಮಿನ್ ಡಿ ಸೇರಿಸಿಯೇ ಇರುತ್ತಾರೆ. ಅದರ ಜೊತೆ ಬೇರೆ ಡಿ ಹನಿಯನ್ನೂ ಹಾಕಿದರೆ ಪ್ರಮಾಣ ಎರಡರಷ್ಟಾಗುತ್ತದೆ. ಲೇಬಲ್ ಓದಲೇಬೇಕು.

ಬಿಳಿಮೋಡ
ಬಿಡದೆ ಅಳುವ ಶಿಶುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ರ್ಯೂಟರಿ ಎಂಬ ಬ್ಯಾಕ್ಟೀರಿಯಾದ ಹನಿ ಕೊಡುತ್ತಾರಲ್ಲ, ಅದಕ್ಕೂ ಪುರಾವೆ ಇಲ್ಲವಾ?

ತೊಟ್ಟಿಲು
ಅದಕ್ಕೆ ಇದೆ, ಆದರೆ ಮಿತಿಯೂ ಇದೆ. ಡಿಎಸ್‌ಎಂ 17938 ಎಂಬ ತಳಿ, ದಿನಕ್ಕೆ ಹತ್ತು ಕೋಟಿ ಜೀವಕೋಶ, ಸಾಮಾನ್ಯವಾಗಿ ಐದು ಹನಿ. ಮೂರು ವಾರ ನೋಡಬೇಕು. 2018ರಲ್ಲಿ ಹಲವು ಪ್ರಯೋಗಗಳ ದತ್ತಾಂಶ ಒಟ್ಟಿಗೆ ನೋಡಿದಾಗ ತಾಯಿಹಾಲು ಮಾತ್ರ ಕುಡಿಯುವ ಮಕ್ಕಳಲ್ಲಿ ಅಳು ಕಡಿಮೆಯಾಗಿತ್ತು. ಫಾರ್ಮುಲಾ ಮಕ್ಕಳ ವಿಷಯದಲ್ಲಿ ಏನನ್ನೂ ಹೇಳುವಷ್ಟು ಪುರಾವೆ ಸಿಗಲಿಲ್ಲ. ಲೇಬಲ್ ಮೇಲೆ ತಳಿಯ ಸಂಖ್ಯೆ ಇಲ್ಲದ, ಬರೀ "ಲ್ಯಾಕ್ಟೋಬ್ಯಾಸಿಲಸ್" ಎಂದಿರುವ ಸೀಸೆಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ.

ಇನ್‌ಕ್ಯುಬೇಟರ್ ದೀಪ
ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಥೆಯನ್ನು ದಯವಿಟ್ಟು ಇದರ ಜೊತೆ ಬೆರೆಸಬೇಡಿ. ಅಲ್ಲಿ ಪ್ರಶ್ನೆ ಬದುಕು ಸಾವಿನದು. ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂಬ ಕಾಯಿಲೆಯಲ್ಲಿ ಕರುಳಿನ ಭಾಗವೇ ಕೊಳೆಯುತ್ತದೆ. ತಾಯಿಹಾಲು ಈ ಅಪಾಯವನ್ನು ಇಳಿಸುತ್ತದೆ ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. ಪ್ರೋಬಯಾಟಿಕ್ ಬಗ್ಗೆ ಮಾತ್ರ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ.

2016ರಲ್ಲಿ ಪ್ರಕಟವಾದ ಪಿಪ್ಸ್ ಪ್ರಯೋಗದಲ್ಲಿ ಬಿ. ಬ್ರೆವೆಯ ಒಂದು ತಳಿಯನ್ನು ಸಾವಿರಕ್ಕೂ ಹೆಚ್ಚು ಅಕಾಲಿಕ ಶಿಶುಗಳ ಮೇಲೆ ಪರೀಕ್ಷಿಸಿದರು, ಲಾಭ ಕಾಣಲಿಲ್ಲ. ಬೇರೆ ಮಿಶ್ರಣಗಳನ್ನು ಬಳಸಿದ ಕೆಲವು ಪ್ರಯೋಗಗಳಲ್ಲಿ ಲಾಭ ಕಂಡಿದೆ. ಅಂದರೆ ತಳಿ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಕಾಲಿಕ ಶಿಶುಗಳಿಗೆ ಪ್ರೋಬಯಾಟಿಕ್ ಕೊಡುವ ಬಗ್ಗೆ ಎಚ್ಚರಿಕೆ ಹೊರಡಿಸಿತು. ಕೊಟ್ಟ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಒಂದು ಮಗು ತೀರಿಕೊಂಡಿತ್ತು. ಆದ್ದರಿಂದ ಇದು ವೈದ್ಯರ ತಂಡ ಮಾಡುವ ತೀರ್ಮಾನ. ಮನೆಯವರು ಸೀಸೆ ತಂದು ಹಾಕುವ ಮಾತೇ ಇಲ್ಲ.

ಅಂಕಿಕೊರಕ
ಇದಕ್ಕೆ ಒಂದು ಸೇರಿಸಿ. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಡಿಶಾದ ಗ್ರಾಮೀಣ ಪ್ರಯೋಗ, 4,556 ಶಿಶುಗಳು. ಅವರು ತೀರಾ ಅಕಾಲಿಕ ಶಿಶುಗಳಲ್ಲ. ಕನಿಷ್ಠ 2,000 ಗ್ರಾಂ ತೂಕ, 35 ವಾರ ತುಂಬಿದವರು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಜೊತೆಗೆ ಅದರ ಆಹಾರವಾದ ಫ್ರಕ್ಟೋಒಲಿಗೋಸ್ಯಾಕರೈಡನ್ನೂ ಸೇರಿಸಿ ಒಂದು ವಾರ ಕೊಟ್ಟರು. ಸೆಪ್ಸಿಸ್ (ಮೈಗೆಲ್ಲ ಹರಡುವ ಗಂಭೀರ ಸೋಂಕು) ಅಥವಾ ಸಾವು 9 ಶೇಕಡಾದಿಂದ 5.4ಕ್ಕೆ ಇಳಿಯಿತು. "ತುಂಬು ಅವಧಿಯ ಮಕ್ಕಳಲ್ಲಿ ಪುರಾವೆ ತೆಳು" ಎಂದು @ತೊಟ್ಟಿಲು ಬರೆದದ್ದಕ್ಕೆ ಇದು ದೊಡ್ಡ ಅಪವಾದ.

ತೊಟ್ಟಿಲು
ಒಪ್ಪುತ್ತೇನೆ. ಆದರೆ ಸೋಂಕು ತುಂಬಾ ಇರುವ ಕಡೆ, ಒಂದು ನಿರ್ದಿಷ್ಟ ತಳಿಯಿಂದ ಬಂದ ಫಲಿತಾಂಶ ಅದು. ಅದನ್ನು ಅಂಗಡಿಯಲ್ಲಿ ಸಿಗುವ ಎಲ್ಲ ಸೀಸೆಗೂ ಹಚ್ಚಲಾಗದು.

ಪುಡಿಡಬ್ಬಿ
ಫಾರ್ಮುಲಾ ಪ್ರಶ್ನೆಗೆ ಬರುತ್ತೇನೆ. ಡಬ್ಬಿಯಲ್ಲಿ ಹಾಕುವ ಎಚ್‌ಎಂಓ ತಾಯಿಹಾಲಿನಿಂದ ತೆಗೆದದ್ದಲ್ಲ. ಜೀನ್ ಬದಲಿಸಿದ ಸೂಕ್ಷ್ಮಜೀವಿಗಳನ್ನು, ಹೆಚ್ಚಾಗಿ ಇ. ಕೋಲೈಯನ್ನು, ಲ್ಯಾಕ್ಟೋಸ್ ಮೇಲೆ ಹುದುಗಿಸಿ ತಯಾರಿಸಿ, ಆಮೇಲೆ ಶುದ್ಧೀಕರಿಸುತ್ತಾರೆ. ರಚನೆ ತಾಯಿಹಾಲಿನಲ್ಲಿರುವುದೇ, ಸುರಕ್ಷತೆ ಬಗ್ಗೆ ಅನುಮಾನ ಬೇಡ. ಆದರೆ ಇರುವುದು ಒಂದೋ ಎರಡೋ, ಹೆಚ್ಚೆಂದರೆ ಐದಾರು ಬಗೆ, ಲೀಟರಿಗೆ ಬಹುತೇಕ 0.2ರಿಂದ 1 ಗ್ರಾಂ ಆಸುಪಾಸು. ತಾಯಿಹಾಲಿನ 5–15 ಗ್ರಾಂ, ನೂರೈವತ್ತು ಬಗೆಯ ಪಕ್ಕದಲ್ಲಿ ಇಟ್ಟು ನೋಡಿ, "ಸಮ" ಎಂಬ ಮಾತು ನಿಲ್ಲುವುದಿಲ್ಲ. ಹಳೆಯ ಪದ್ಧತಿಯಲ್ಲಿ ಗ್ಯಾಲಕ್ಟೋ ಮತ್ತು ಫ್ರಕ್ಟೋ ಒಲಿಗೋಸ್ಯಾಕರೈಡುಗಳನ್ನು 9:1ರಲ್ಲಿ, 100 ಮಿಲಿಗೆ 0.8 ಗ್ರಾಂ ಹಾಕುತ್ತಾರೆ. ಅದರಿಂದಲೂ ಬಿಫಿಡೋ ಹೆಚ್ಚುತ್ತದೆ, ಮಲ ಮೆದುವಾಗುತ್ತದೆ. ಯಾವುದೂ ಇಲ್ಲದ ಡಬ್ಬಿಗಿಂತ ಇದ್ದದ್ದು ಮೇಲು, ಅಷ್ಟು ಹೇಳಬಹುದು.

ಅಗರ್‌ತಟ್ಟೆ
ತಾಯಂದಿರಲ್ಲೂ ವ್ಯತ್ಯಾಸವಿದೆ ಎಂಬುದನ್ನು ಬಿಡಬೇಡಿ. ಎಫ್‌ಯುಟಿ2 ಜೀನ್ ಕೆಲಸ ಮಾಡದವರ ಹಾಲಿನಲ್ಲಿ 2-ಫ್ಯುಕೊಸಿಲ್‌ಲ್ಯಾಕ್ಟೋಸ್ ಎಂಬ ಮುಖ್ಯ ಎಚ್‌ಎಂಓ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಜನಸಮುದಾಯಗಳಲ್ಲಿ ಐವರಲ್ಲಿ ಒಬ್ಬರು ಹೀಗೆ. ಅವರ ಮಕ್ಕಳಲ್ಲಿ ಬಿಫಿಡೋ ನೆಲೆಗೊಳ್ಳುವುದು ಸ್ವಲ್ಪ ತಡವಾಗಬಹುದು. ಅದು ಕಾಯಿಲೆ ಅಲ್ಲ, ಹಾಲಿನ ಕೊರತೆಯೂ ಅಲ್ಲ. ಲ್ಯಾಕ್ಟೊ-ಎನ್-ಟೆಟ್ರಾಓಸ್‌ನಂಥ ಬೇರೆ ಎಚ್‌ಎಂಓಗಳು ಅವರ ಹಾಲಿನಲ್ಲೂ ಧಾರಾಳ.

ಪುಡಿಡಬ್ಬಿ
ಇನ್ನೊಂದು ಪ್ರಾಯೋಗಿಕ ತೊಡಕು, ಯಾರೂ ಹೇಳುವುದಿಲ್ಲ. ಪುಡಿಯಲ್ಲಿ ಜೀವಂತ ಪ್ರೋಬಯಾಟಿಕ್ ಸೇರಿಸಿದ್ದರೆ ಡಬ್ಬಿಯ ಮೇಲೆ "ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ" ಎಂದಿರುತ್ತದೆ, ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾರ್ಗಸೂಚಿ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಪುಡಿ ಎಂದೂ ಪೂರ್ತಿ ಕ್ರಿಮಿರಹಿತ ಅಲ್ಲ. ಕ್ರೋನೋಬ್ಯಾಕ್ಟರ್ ಸಕಝಾಕಿಯೈ ಎಂಬ ಬ್ಯಾಕ್ಟೀರಿಯಾ ಒಣಪುಡಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನವಜಾತ ಶಿಶುವಿಗೆ ಮೆದುಳು ಪೊರೆಯ ಸೋಂಕು ತರುತ್ತದೆ. ಎರಡು ತಿಂಗಳೊಳಗಿನ, ಅಕಾಲಿಕ ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಗುವಾದರೆ ಪ್ರೋಬಯಾಟಿಕ್ ಹೋದರೆ ಹೋಗಲಿ, 70 ಡಿಗ್ರಿ ಬಿಡಬಾರದು. ನನ್ನ ಖಚಿತ ಅಭಿಪ್ರಾಯ ಇದು.

ಕ್ರಮ ಹೀಗೆ: ನೀರನ್ನು ಚೆನ್ನಾಗಿ ಕುದಿಸಿ, ಕುದಿಸಿ ಅರ್ಧ ಗಂಟೆಯೊಳಗೆ ಸೀಸೆಗೆ ಅಳೆದು ಹಾಕಿ. ಮೊದಲು ನೀರು, ಆಮೇಲೆ ಪುಡಿ. ಡಬ್ಬಿಯ ಚಮಚವನ್ನೇ ಬಳಸಿ, ಒತ್ತಿ ತುಂಬದೆ ಮೇಲ್ಭಾಗ ಸಮ ಮಾಡಿ. ಮುಚ್ಚಿ ಅಲುಗಿಸಿ, ಹರಿಯುವ ತಣ್ಣೀರಿನ ಕೆಳಗೆ ಸೀಸೆ ಹಿಡಿದು ತಣಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ. ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಿ. ಪುಡಿ ಹೆಚ್ಚು ಹಾಕಿದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಲ ಗಟ್ಟಿಯಾಗುತ್ತದೆ. ನೀರು ಹೆಚ್ಚು ಹಾಕಿದರೆ ತೂಕ ಏರುವುದಿಲ್ಲ, ಸೋಡಿಯಂ ಕುಸಿದು ಫಿಟ್ಸ್ ಬರುವ ಅಪಾಯವೂ ಇದೆ.

ಹಸಿರುಗರಿ
ಇಷ್ಟೆಲ್ಲ ಓದಿದ ಮೇಲೆ ಹಾಲು ಬಾರದ ತಾಯಿ ಏನು ಮಾಡಬೇಕು? ಈ ಚರ್ಚೆಗಳಲ್ಲಿ ಅವರ ಮೇಲೇ ಕಲ್ಲು ಬೀಳುತ್ತದೆ.

ತೊಟ್ಟಿಲು
ಕಲ್ಲು ಬೀಳಬಾರದು. ಪ್ರಮಾಣಕ್ಕೆ ತಕ್ಕ ಪರಿಣಾಮ ಇಲ್ಲಿ ಇದೆ, ಪೂರ್ತಿ ಅಥವಾ ಸೊನ್ನೆ ಎಂಬಂತಲ್ಲ. ಭಾಗಶಃ ತಾಯಿಹಾಲು ಸಿಕ್ಕರೂ ಬಿಫಿಡೋಗೆ ಲಾಭ. ಹಿಂಡಿಟ್ಟ ಹಾಲೂ ಲೆಕ್ಕಕ್ಕೆ ಬರುತ್ತದೆ. 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳವರೆಗೆ ಚೆನ್ನಾಗಿರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ. ಕರಗಿಸಿದ್ದನ್ನು 24 ಗಂಟೆಯೊಳಗೆ ಬಳಸಿ, ಮತ್ತೆ ಹೆಪ್ಪುಗಟ್ಟಿಸಬೇಡಿ, ಮೈಕ್ರೋವೇವ್ ಬೇಡ. ಹೆಪ್ಪುಗಟ್ಟಿದರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಎಚ್‌ಎಂಓ ಹಾಗೆಯೇ ಇರುತ್ತದೆ.

ಇನ್‌ಕ್ಯುಬೇಟರ್ ದೀಪ
ದಾನಿಯ ಹಾಲಿನ ಬಗ್ಗೆಯೂ ಇದೇ ಮಾತು. ಹಾಲಿನ ಬ್ಯಾಂಕಿನಲ್ಲಿ 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಹೋಗುತ್ತದೆ, ಕೊಬ್ಬು ಅರಗಿಸುವ ಲೈಪೇಸ್ ಕಿಣ್ವ ಹೋಗುತ್ತದೆ, ಸೋಂಕು ತಡೆಯುವ ಲ್ಯಾಕ್ಟೋಫೆರಿನ್ ಪ್ರೋಟೀನ್ ಮತ್ತು ಐಜಿಎ ಪ್ರತಿಕಾಯ ಒಂದಷ್ಟು ಇಳಿಯುತ್ತವೆ. ಎಚ್‌ಎಂಓಗೆ ಏನೂ ಆಗುವುದಿಲ್ಲ. ಅದಕ್ಕೇ ಸ್ವಂತ ತಾಯಿಯ ಹಾಲು ಮೊದಲು, ದಾನಿಯ ಹಾಲು ಎರಡನೆಯದು, ಫಾರ್ಮುಲಾ ಆಮೇಲೆ. ಪರೀಕ್ಷೆ ಆಗದ, ಕೈಯಿಂದ ಕೈಗೆ ಬಂದ ಹಾಲು ಈ ಸಾಲಿನಲ್ಲಿ ಇಲ್ಲ. ಎಚ್‌ಐವಿಯೂ ಹಾಲಿನ ಮೂಲಕ ಹರಡುತ್ತದೆ.

ಬಿಳಿಮೋಡ
ಸಿಸೇರಿಯನ್ ಬಗ್ಗೆ ಯಾರೂ ಹೇಳಲಿಲ್ಲ.

ಅಗರ್‌ತಟ್ಟೆ
ಸಿಸೇರಿಯನ್ ಶಿಶುಗಳಲ್ಲಿ ಎದ್ದು ಕಾಣುವ ಕೊರತೆ ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಗುಂಪಿನದು. ತಿಂಗಳುಗಟ್ಟಲೆ ಕಾಣುವುದಿಲ್ಲ. ಬದಲಿಗೆ ಆಸ್ಪತ್ರೆಯ ಪರಿಸರದಲ್ಲಿ ಸಿಗುವ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾದಂಥವು ಹೆಚ್ಚು. 2019ರಲ್ಲಿ ಬ್ರಿಟನ್ನಿನ ಸುಮಾರು 600 ಶಿಶುಗಳ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಯೋನಿದ್ರವವನ್ನು ಬಟ್ಟೆಯಲ್ಲಿ ಒರೆಸಿ ಮಗುವಿಗೆ ಸವರುವ ಪದ್ಧತಿಯನ್ನು ಸಂಶೋಧನೆಯ ಹೊರಗೆ ಮಾಡಬೇಡಿ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರಲ್ಲೇ ಹೇಳಿದೆ. ಹರ್ಪಿಸ್, ಗುಂಪು ಬಿ ಸ್ಟ್ರೆಪ್ಟೊಕಾಕಸ್ ಜೊತೆಗೇ ದಾಟಬಹುದು. ಇನ್ನೊಂದು ಕಾರಣವೂ ಇದೆ. ಕರುಳಿಗೆ ಬೇಕಾದ ಬ್ಯಾಕ್ಟೀರಾಯ್ಡಿಸ್, ಬಿಫಿಡೋಗಳು ಬರುವುದು ತಾಯಿಯ ಕರುಳಿನಿಂದ, ಯೋನಿಯಿಂದಲ್ಲ. ಹಾಗಾಗಿ ಆ ಸವರುವಿಕೆಯ ತರ್ಕವೇ ದುರ್ಬಲ.

ತೊಟ್ಟಿಲು
ಪತ್ರಕ್ಕೆ ಬೇಕಾದದ್ದು: ಸಿಸೇರಿಯನ್ ಆದರೂ ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಮಲಗಿಸುವುದು, ಸಾಧ್ಯವಾದರೆ ಮೊದಲ ಗಂಟೆಯೊಳಗೇ ಹಾಲು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮುಖ್ಯವಾಗಿ ಎದೆಹಾಲು ಕುಡಿಯುವ ಶಿಶುಗಳ ಕರುಳಿನ ಬ್ಯಾಕ್ಟೀರಿಯಾದಲ್ಲಿ ಮೊದಲ ತಿಂಗಳು ಸುಮಾರು 28 ಶೇಕಡಾ ಹಾಲಿನಿಂದ, 10 ಶೇಕಡಾ ಮೊಲೆತೊಟ್ಟಿನ ಸುತ್ತಲಿನ ಚರ್ಮದಿಂದ ಬಂದಿತ್ತು. ಪ್ರತಿ ಸಲ ಸೋಪು ಹಚ್ಚಿ ಮೊಲೆ ತೊಳೆಯುವ ಅಗತ್ಯವೇ ಇಲ್ಲ, ಚರ್ಮ ಒಡೆಯುತ್ತದೆ ಬೇರೆ.

ಹಸಿರುಗರಿ
ಮಗುವಿನ ಮಲ ಕಳಿಸಿದರೆ ಬ್ಯಾಕ್ಟೀರಿಯಾ ಪಟ್ಟಿ ಕೊಡುವ ಕಿಟ್‌ಗಳು ಬಂದಿವೆ. ಅದನ್ನು ಮಾಡಿಸಿ ನೋಡಿಯೇ ತೀರ್ಮಾನಿಸಬಹುದಲ್ಲ?

ಅಂಕಿಕೊರಕ
ದುಡ್ಡು ಉಳಿಸಿ. ಬಹುತೇಕ ಕಿಟ್‌ಗಳು ಓದುವುದು ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಜೀನಿನ ಒಂದು ತುಂಡನ್ನು. ಅದರಿಂದ ಕುಲ ತಿಳಿಯುತ್ತದೆ, ಇನ್‌ಫ್ಯಾಂಟಿಸ್ ಮತ್ತು ಲಾಂಗಮ್ ಬೇರೆ ಮಾಡಲು ಆಗುವುದಿಲ್ಲ. ನಮಗೆ ಬೇಕಾದದ್ದೇ ಆ ವ್ಯತ್ಯಾಸ. ಆ ಜೀನನ್ನು ಹಿಡಿಯಲು ಬಳಸುವ ಹಳೆಯ 27ಎಫ್ ಪ್ರೈಮರು (ಡಿಎನ್‌ಎ ತುಣುಕು) ಬಿಫಿಡೋಬ್ಯಾಕ್ಟೀರಿಯಂಗೆ ಸರಿಯಾಗಿ ಅಂಟುವುದಿಲ್ಲ, ಇದ್ದರೂ ಕಡಿಮೆ ತೋರಿಸುತ್ತದೆ. ಡಿಎನ್‌ಎ ತೆಗೆಯುವಾಗ ಸಣ್ಣ ಮಣಿಗಳ ಜೊತೆ ಜೋರಾಗಿ ಅಲುಗಿಸದಿದ್ದರೆ ಬಿಫಿಡೋದಂಥ ದಪ್ಪಗೋಡೆಯ ಕೋಶಗಳು ಒಡೆಯುವುದೇ ಇಲ್ಲ. ಡೈಪರಿನಲ್ಲಿ ಗಂಟೆಗಟ್ಟಲೆ ಬಿಟ್ಟ ಮಾದರಿಯಲ್ಲಿ ಇ. ಕೋಲೈ ಹೊರಗೇ ಬೆಳೆದಿರುತ್ತದೆ. ಮೇಲಾಗಿ ಬರುವ ಅಂಕಿ ಪಾಲು ಮಾತ್ರ. ಒಂದರ ಪಾಲು ಇಳಿದರೆ ಅದು ಕಡಿಮೆಯಾಯಿತೋ, ಇನ್ನೊಂದು ಹೆಚ್ಚಾಯಿತೋ ಗೊತ್ತಾಗದು. "ವೈವಿಧ್ಯ ಕಡಿಮೆ" ಎಂದು ಕೆಂಪು ಗುರುತು ಹಾಕಿ ಹೆದರಿಸುತ್ತಾರೆ. ತಾಯಿಹಾಲಿನ ಮಗುವಿನಲ್ಲಿ ವೈವಿಧ್ಯ ಕಡಿಮೆ ಇರುವುದೇ ಸಹಜ, ಅದು ದೊಡ್ಡವರ ಅಳತೆಗೋಲು.

ಬಿಳಿಮೋಡ
ಹಸಿರು ಮಲ ಬಂದರೆ ಬ್ಯಾಕ್ಟೀರಿಯಾ ಕೆಟ್ಟಿದೆ ಅಂತಲಾ?

ತೊಟ್ಟಿಲು
ಇಲ್ಲ. ಹಸಿರು, ಹಳದಿ, ಕಂದು ಎಲ್ಲ ಸರಿ. ಸುಣ್ಣದಂತೆ ಬಿಳಿಚಿದ್ದರೆ, ರಕ್ತ ಇದ್ದರೆ, ಮೊದಲ ದಿನಗಳ ಕಪ್ಪು ಮಲ ಕಳೆದ ಮೇಲೆ ಮತ್ತೆ ಕಪ್ಪಾದರೆ ಕೂಡಲೇ ವೈದ್ಯರಲ್ಲಿಗೆ. ಬಿಳಿ ಮಲ ಪಿತ್ತನಾಳ ಮುಚ್ಚಿರುವ ಸೂಚನೆ ಇರಬಹುದು, ಅಲ್ಲಿ ವಾರಗಳ ತಡವೂ ದುಬಾರಿ.

ಬಟ್ಟಲುಚಮಚ
ಊಟದ ಪ್ರಶ್ನೆ ಉಳಿದಿದೆ, ಅದು ನನ್ನ ಕ್ಷೇತ್ರ.

ಮೊದಲು ಒಂದು ತಪ್ಪು ಕಲ್ಪನೆ. ಬ್ಯಾಕ್ಟೀರಿಯಾ ದೊಡ್ಡವರ ರೀತಿಗೆ ತಿರುಗುವುದು ಮೊದಲ ತುತ್ತು ಬಿದ್ದ ಕೂಡಲೇ ಅಲ್ಲ. 2015ರಲ್ಲಿ ಸ್ವೀಡನ್ನಿನ 98 ತಾಯಿ-ಮಕ್ಕಳ ಅಧ್ಯಯನದಲ್ಲಿ ದೊಡ್ಡ ತಿರುವು ಕಂಡದ್ದು ತಾಯಿಹಾಲು ನಿಂತಾಗ. 903 ಮಕ್ಕಳನ್ನು ಹಿಂಬಾಲಿಸಿದ ಟೆಡ್ಡಿ ಅಧ್ಯಯನ 2018ರಲ್ಲಿ ಮೂರು ಘಟ್ಟ ಗುರುತಿಸಿತು: 3ರಿಂದ 14 ತಿಂಗಳು ಬೆಳವಣಿಗೆ, 15ರಿಂದ 30 ಬದಲಾವಣೆ, 31ರ ಮೇಲೆ ಸ್ಥಿರತೆ. ಆದ್ದರಿಂದ ಊಟ ಶುರುವಾಯಿತೆಂದು ಹಾಲು ಬಿಡಿಸಬಾರದು, ಎರಡೂ ಜೊತೆಗೆ ಸಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ಮತ್ತು ಅದರಾಚೆಗೂ ಎನ್ನುತ್ತದೆ.

ತಾಯಿಹಾಲಿನ ಜೊತೆಗೆ ಊಟದಿಂದ ಬೇಕಾದ ಶಕ್ತಿ: 6–8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ, 9–11ರಲ್ಲಿ 300, 12–23ರಲ್ಲಿ 550. ಮೊದಲು ಎರಡು ಮೂರು ದೊಡ್ಡ ಚಮಚ, ದಿನಕ್ಕೆ ಎರಡು ಮೂರು ಸಲ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಲಿ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ, ನೀರು ನೀರು ಮಾಡಿ ಕೊಟ್ಟರೆ ಪುಟ್ಟ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಸಕ್ಕರೆ, ಉಪ್ಪು, ಹಣ್ಣಿನ ರಸ ಬೇಡ. ಹಣ್ಣನ್ನು ಹಿಸುಕಿ ನಾರಿನ ಸಮೇತ ಕೊಡಿ. ಬೇಳೆಕಾಳು, ಧಾನ್ಯ, ತರಕಾರಿಯ ನಾರು ದೊಡ್ಡಕರುಳಿಗೆ ಇಳಿದಾಗ ಫೀಕಾಲಿಬ್ಯಾಕ್ಟೀರಿಯಂ, ರೋಸ್‌ಬ್ಯುರಿಯಾದಂಥ ಬ್ಯುಟಿರೇಟ್ ಮಾಡುವವು ನೆಲೆಯೂರುತ್ತವೆ. ಬ್ಯುಟಿರೇಟ್ ದೊಡ್ಡಕರುಳಿನ ಒಳಪದರದ ಮುಖ್ಯ ಇಂಧನ.

ಅಗರ್‌ತಟ್ಟೆ
ಇದಕ್ಕೆ ಅತ್ಯಂತ ಬಲವಾದ ಉದಾಹರಣೆ ಬಾಂಗ್ಲಾದೇಶದ್ದು. ಸಂಶೋಧಕರಾದ ಜೆಫ್ರಿ ಗಾರ್ಡನ್ ಮತ್ತು ತಹ್ಮೀದ್ ಅಹ್ಮದ್ ತಂಡಗಳು 2014ರಲ್ಲಿ, ತೀವ್ರ ಅಪೌಷ್ಟಿಕತೆಯ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಅವರ ವಯಸ್ಸಿಗಿಂತ ಎಳೆಯದಾಗಿ ಉಳಿದಿರುತ್ತದೆ, ಸಾಮಾನ್ಯ ಚಿಕಿತ್ಸಾ ಆಹಾರ ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ ಎಂದು ತೋರಿಸಿದವು. ಆಮೇಲೆ ಕಡಲೆ, ನೆಲಗಡಲೆ, ಸೋಯಾ ಹಿಟ್ಟು ಮತ್ತು ಹಸಿರು ಬಾಳೆಕಾಯಿ ಸೇರಿದ ಎಂಡಿಸಿಎಫ್-2 ಎಂಬ ಆಹಾರ ರೂಪಿಸಿದರು. 2021ರಲ್ಲಿ ಬಂದ ಪ್ರಯೋಗದಲ್ಲಿ 12–18 ತಿಂಗಳ ಮಕ್ಕಳಿಗೆ ಮೂರು ತಿಂಗಳು ಕೊಟ್ಟಾಗ, ಹೆಚ್ಚು ಕ್ಯಾಲೊರಿಯಿದ್ದ ಸಾಮಾನ್ಯ ಪೂರಕ ಆಹಾರಕ್ಕಿಂತ ಇದರಲ್ಲೇ ತೂಕ ಏರುವ ವೇಗ ಹೆಚ್ಚಿತ್ತು. ಅಲ್ಲಿ ಬ್ಯಾಕ್ಟೀರಿಯಾ ಹನಿ ಕೊಡಲಿಲ್ಲ, ಬ್ಯಾಕ್ಟೀರಿಯಾ ತಿನ್ನುವುದನ್ನು ಕೊಟ್ಟರು. @ಸೂಜಿಮಲ್ಲಿಗೆ ಅವರೇ, ಪತ್ರದ ಬೆನ್ನೆಲುಬು ಇದೇ ಆಗಲಿ.

ಅಂಕಿಕೊರಕ
ಕಬ್ಬಿಣ ಮರೆತಿರಿ. ಕೀನ್ಯಾದಲ್ಲಿ 6 ತಿಂಗಳ ಶಿಶುಗಳ ಊಟಕ್ಕೆ ಕಬ್ಬಿಣವಿರುವ ಪುಡಿ ಬೆರೆಸಿದಾಗ ಇ. ಕೋಲೈ ಬಳಗ ಹೆಚ್ಚಿತು, ಕರುಳಿನ ಉರಿಯೂತದ ಸೂಚಕ ಕ್ಯಾಲ್‌ಪ್ರೊಟೆಕ್ಟಿನ್ ಏರಿತು. ಹೀರದೆ ಉಳಿದ ಕಬ್ಬಿಣ ರೋಗಕಾರಕಗಳಿಗೆ ಗೊಬ್ಬರ.

ಬಟ್ಟಲುಚಮಚ
ಮರೆತಿಲ್ಲ, ಆದರೆ ಅರ್ಧ ಹೇಳಿದರೆ ಅಪಾಯ ಎಂದು ಕಾದೆ. ಇದನ್ನು ಓದಿ ಯಾರಾದರೂ ಕಬ್ಬಿಣ ನಿಲ್ಲಿಸಿದರೆ ಮೆದುಳಿನ ಬೆಳವಣಿಗೆಗೇ ಪೆಟ್ಟು. ತಾಯಿಹಾಲಿನಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ಆಸುಪಾಸು. ಹುಟ್ಟುವಾಗ ತಂದ ದಾಸ್ತಾನು ಆರು ತಿಂಗಳ ಹೊತ್ತಿಗೆ ಇಳಿಯುತ್ತದೆ. ಆಮೇಲೆ ದಿನಕ್ಕೆ 11 ಮಿಲಿಗ್ರಾಂ ಬೇಕು ಎಂಬುದು ಅಮೆರಿಕದ ಮಾನದಂಡ. ಅದೇ ಕೀನ್ಯಾದಲ್ಲಿ 2017ರಲ್ಲಿ ಬಂದ ಮುಂದಿನ ಪ್ರಯೋಗವನ್ನೂ ಹೇಳಿ. ಕಬ್ಬಿಣವನ್ನು 5 ಮಿಲಿಗ್ರಾಂಗೆ ಇಳಿಸಿ, ಜೊತೆಗೆ 7.5 ಗ್ರಾಂ ಗ್ಯಾಲಕ್ಟೋಒಲಿಗೋಸ್ಯಾಕರೈಡ್ ಬೆರೆಸಿದಾಗ ಬಿಫಿಡೋ ಉಳಿಯಿತು, ಕೆಟ್ಟ ಪರಿಣಾಮ ಬಹುಮಟ್ಟಿಗೆ ತಗ್ಗಿತು. ಮಾಂಸ, ಮೀನು, ಬೇಳೆಕಾಳಿನಿಂದ ಬರುವ ಕಬ್ಬಿಣ ಮೊದಲ ಆಯ್ಕೆ, ಬೇಳೆಕಾಳಾದರೆ ಜೊತೆಗೆ ಸಿ ವಿಟಮಿನ್ ಇರುವ ಹಣ್ಣು. ವೈದ್ಯರು ಕಬ್ಬಿಣದ ಹನಿ ಬರೆದಿದ್ದರೆ ಪ್ರಮಾಣ ಬದಲಿಸಬೇಡಿ.

ಇನ್‌ಕ್ಯುಬೇಟರ್ ದೀಪ
ದಾಸ್ತಾನಿನ ಮಾತು ಬಂದದ್ದಕ್ಕೆ: ಹೆರಿಗೆಯಲ್ಲಿ ಹೊಕ್ಕುಳಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯ್ದರೆ ಮಗುವಿಗೆ ಕಬ್ಬಿಣ ಹೆಚ್ಚು ಸೇರುತ್ತದೆ. ಖರ್ಚಿಲ್ಲದ ಉಪಾಯ, ಕರುಳಿಗೆ ಹೆಚ್ಚುವರಿ ಕಬ್ಬಿಣ ಸುರಿಯುವುದೂ ತಪ್ಪುತ್ತದೆ.

ಬಿಳಿಮೋಡ
ಹಸುವಿನ ಹಾಲು ಒಂದು ವರ್ಷದವರೆಗೆ ಮುಟ್ಟಲೇಬಾರದು ಅಂತಾರೆ, ನಿಜವಾ?

ಬಟ್ಟಲುಚಮಚ
ಆರು ತಿಂಗಳೊಳಗೆ ಬೇಡವೇ ಬೇಡ. 6–11 ತಿಂಗಳ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯ. ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ವರ್ಷ ಕಾಯಿರಿ ಎನ್ನುತ್ತದೆ. ಕಬ್ಬಿಣ ಕಡಿಮೆ, ಕೆಲವು ಮಕ್ಕಳಿಗೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ, ತಾಯಿಹಾಲು ಬಿಟ್ಟು ಬೇರೆ ಹಾಲು ಕುಡಿಯುವ ಈ ವಯಸ್ಸಿನವರಿಗೆ ಫಾರ್ಮುಲಾ ಅಥವಾ ಪ್ರಾಣಿ ಹಾಲು ಎರಡೂ ಆಗಬಹುದು ಎನ್ನುತ್ತದೆ. ಕೊಡುವುದಾದರೆ ಕೆನೆ ತೆಗೆಯದ, ಪಾಶ್ಚರೀಕರಿಸಿದ ಅಥವಾ ಕುದಿಸಿದ ಹಾಲು, ಕಬ್ಬಿಣಕ್ಕೆ ಬೇರೆ ದಾರಿ ಇಟ್ಟುಕೊಂಡೇ.

ಹಸಿರುಗರಿ
ಜೇನುತುಪ್ಪ ಪ್ರಿಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ ಆಹಾರ) ಎಂದು ನಾಲಗೆಗೆ ಸವರುವವರಿದ್ದಾರೆ.

ಅಗರ್‌ತಟ್ಟೆ
12 ತಿಂಗಳೊಳಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟ್ಯುಲಿನಂ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಜಾಗ ಭರ್ತಿಯಾಗಿರುವುದರಿಂದ ಅವು ಮೊಳೆಯುವುದಿಲ್ಲ. ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಮಾಡುತ್ತವೆ. ಮೊದಲ ಲಕ್ಷಣ ಬಹಳ ಸಲ ಮಲಬದ್ಧತೆ, ಆಮೇಲೆ ಅಳು ಕ್ಷೀಣ, ಹೀರುವ ಶಕ್ತಿ ಇಳಿಕೆ, ಕತ್ತು ನಿಲ್ಲದಿರುವುದು. ಮನೆಯಲ್ಲಿ ಕುದಿಸಿದರೂ ಬೀಜಕ ಸಾಯುವುದಿಲ್ಲ.

ಸೂಜಿಮಲ್ಲಿಗೆ
ಇಷ್ಟು ಸಿಕ್ಕಿದ್ದಕ್ಕೆ ಎಲ್ಲರಿಗೂ ವಂದನೆ. ಕೊನೆಯದೊಂದು: ಮಗುವಿಗೆ ಆ್ಯಂಟಿಬಯಾಟಿಕ್ ಕೊಡಬೇಕಾಗಿ ಬಂದರೆ ಪತ್ರದಲ್ಲಿ ಏನೆಂದು ಬರೆಯಲಿ?

ತೊಟ್ಟಿಲು
ವೈದ್ಯರು ಬರೆದ ಕೋರ್ಸ್ ಮಧ್ಯದಲ್ಲಿ ನಿಲ್ಲಿಸಬೇಡಿ. ವೈರಸ್ಸಿನ ನೆಗಡಿಗೆ ತಾವಾಗಿ ಶುರು ಮಾಡಬೇಡಿ. ಹಾಲು ಬಿಡಿಸಬೇಡಿ, ಬಿಫಿಡೋ ಮರಳಲು ಆಹಾರ ಅದೇ. ಮಲ ಸಡಿಲವಾಗುವುದು ಸಾಮಾನ್ಯ, ದ್ರವ ಹೋದಷ್ಟು ತುಂಬುತ್ತಿರಬೇಕು. 6 ಗಂಟೆ ಮೂತ್ರ ಆಗದಿದ್ದರೆ, ಮಗು ಹಾಲು ನಿರಾಕರಿಸಿದರೆ, ಮಲದಲ್ಲಿ ರಕ್ತ ಕಂಡರೆ ಮರುದಿನಕ್ಕೆ ಕಾಯಬಾರದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ಅದೇ ಹೊತ್ತಿಗೆ ತೋರಿಸಬೇಕು ಎಂಬುದನ್ನೂ ಅದೇ ಪುಟದಲ್ಲಿ ಸೇರಿಸಿ.